ಟ್ರಂಕಿನ ಮೇಲೆ ಕುಳಿತವನು

ತನ್ನ ಹೆಸರು, ನಂಬರು ಬಿಳಿ ಬಣ್ಣದಲ್ಲಿ ಬರೆದಿದ್ದ ಕಪ್ಪು ಟ್ರಂಕಿನ ಮೇಲೆ ನಿವೃತ್ತ ಸುಬೇದಾರ್ ವಾಮನ ಏನೆಂದರೂ ಏಳದವನಂತೆ ಕುಳಿತುಬಿಟ್ಟ. ಮಡಚಿದ ಸೀರೆಗಳನ್ನು ಎದೆಗವಚಿಕೊಂಡು ಹೆಂಡತಿ ಮನೋರಮಾ ಎದುರಿಗೇ ನಿಂತಿದ್ದಳು. ಸೈನಿಕರ ಕುಟುಂಬದವರಿಗೆಂದು ಸರ್ಕಾರ ಕೊಡುವ ಫೆಲೋಶಿಪ್ ಅವಳಿಗೆ ಸಿಕ್ಕಿತ್ತು. ಒಂದು ವರ್ಷ ದೆಹಲಿಯಲ್ಲಿ ಓದು.

“ನಾನು ಮನೆಗೆ ಬಂದ ಮೇಲೆ ನೀನು ಹೊರಡುವುದೆಂತ ಮಾರಾಯ್ತಿ? ಇನ್ನಾದರೂ ಇಲ್ಲೇ ಕಾಪುವಿನಲ್ಲಿ ಒಟ್ಟಿಗೆ ಇರುವ,” ಎಂದ.

ಅವಳು ಸೀರೆಗಳನ್ನು ಕೆಳಗಿಡದೆಯೇ ಕೇಳಿದಳು: “ನೀವು ಹೊರಡುವಾಗಲೆಲ್ಲ ನಾನು ಎಂತ ಕೇಳ್ತಿದ್ದೆ, ನೆನಪುಂಟಾ?”

“ಯಾವ ಟ್ರೈನು ಅಂತ.”

“ಅಷ್ಟೇ ಅಲ್ವಾ? ನೀವೂ ಅಷ್ಟೇ ಕೇಳಿ.”

ವಾಮನ ಕುಳಿತಲ್ಲಿಂದಲೇ ಕೇಳಿದ: “ವಾಪಸು ಬರುವುದು ಯಾವ ಟ್ರೈನಿಗೆ?”

ಇಷ್ಟು ವರ್ಷ, ಬಾಯಿಗೆ ಬಂದಾಗಲೆಲ್ಲ ಅವಳು ಹೆದರಿ ನುಂಗಿಕೊಂಡಿದ್ದ ಪ್ರಶ್ನೆ ಅದು.