ಹರಳೆಣ್ಣೆ

ಇಲಿಯನ್ನು ಅಂಗೈಗೆ ತೆಗೆದುಕೊಂಡರೆ ಜಾರಿತು. ಲಹರಿ ಕೈಗವಸನ್ನು ಮೂಗಿನ ಹತ್ತಿರ ತಂದಳು. ಹರಳೆಣ್ಣೆ. ಆ ಪಂಜರದ ಐದೂ ಇಲಿಗಳ ಬೆನ್ನ ಮೇಲೆ ಬೋಳಾದ ಜಾಗ ಮಿರಿಮಿರಿ ಮಿಂಚುತ್ತಿತ್ತು.

“ಮಂಚಮ್ಮ, ಇದೇನಿದು?”

ಹನ್ನೊಂದು ವರ್ಷದಿಂದ ಪ್ರಯೋಗಾಲಯದ ಇಲಿಗಳಿಗೆ ಕಾಳು ನೀರು ನೋಡಿಕೊಳ್ಳುತ್ತಿರುವ ಮಂಚಮ್ಮ ಪಂಜರ ತೊಳೆಯುತ್ತಲೇ ಹೇಳಿದಳು: “ಇವಕ್ಕೆ ಔಸ್ದಿ ಇಲ್ಲ ಅಂದಿದ್ರಲ್ಲ, ನಾನೇ ಅಚ್ಚಿದೆ ಕಣಿ ಮೇಡಂ. ನಾಕು ದಿನ ಆಯ್ತು. ನಮ್ಮ ಮಗ್ಳು ಬಿಂದುಶ್ರೀಗೂ ಇಂಗೇ ರೂಪಾಯಿ ಅಗ್ಲ ಕೂದ್ಲು ಉದುರೋಗಿತ್ತು. ನಾಟಿ ಔಸ್ದಿ ಕೊಡೋ ಹಿನಕಲ್ ಅಜ್ಜಿ ಕಾಯಿಸ್ಕೊಟ್ಟ ಎಣ್ಣೆ ಇದು. ತಿಂಗಳಿಗೆಲ್ಲ ಮೊಳ್ತುಬುಡ್ತು.”

ಲಹರಿ ಸ್ಟೂಲಿನ ಮೇಲೆ ಕುಳಿತಳು. ಮೈಯನ್ನು ಕಾಯಬೇಕಾದ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬೀಳುವ ರೋಗ ಅದು. ರೋಗದ ಇಲಿಯ ಚರ್ಮದ ಚೂರನ್ನು ಚೆನ್ನಾಗಿದ್ದ ಇಲಿಗಳಿಗೆ ಹೊಲಿದು, ಅವುಗಳ ಕೂದಲು ಉದುರಲೆಂದು ಐದು ತಿಂಗಳು ಕಾದಿದ್ದಳು. ಒಂದು ಪಂಜರಕ್ಕೆ ಹೊಸ ಔಷಧಿ, ಇನ್ನೊಂದಕ್ಕೆ ಏನೂ ಇಲ್ಲ. ಎರಡನ್ನೂ ಹೋಲಿಸಿ ನೋಡಿದ್ದರೆ ಡಿಸೆಂಬರಿಗೆ ಪಿಎಚ್.ಡಿ. ಮುಗಿಯುತ್ತಿತ್ತು.

“ಇವಕ್ಕೆ ಏನೂ ಹಚ್ಚಬಾರದಿತ್ತು ಮಂಚಮ್ಮ. ಇನ್ನು ಇವು ಉಪಯೋಗಕ್ಕೆ ಬರೋಲ್ಲ. ಐದನ್ನೂ ಇವತ್ತೇ ಮುಗಿಸಬೇಕು. ಮತ್ತೆ ಮೊದಲಿಂದ.”

ಮಂಚಮ್ಮನ ಕೈ ಈಗ ನಿಂತಿತು. “ಮುಗ್ಸೋದಾ? ಎಣ್ಣೆ ಅಚ್ಚಿದ್ದುಕ್ಕಾ?”

“ಔಷಧಿ ಕೊಡದೇ ಇದ್ರೆ ಏನಾಗುತ್ತೆ ಅಂತ ನೋಡೋಕೇ ಇಟ್ಟಿದ್ವಿ ಇವನ್ನ.”

“ಅದುನ್ನ ನನ್ನೇ ಕೇಳಿದ್ರೆ ಯೋಳ್ತಿದ್ನಲ್ಲ ಮೇಡಂ.”

ನಗು ಬರಬೇಕಿತ್ತು, ಬರಲಿಲ್ಲ. ಲಹರಿ ರಿಜಿಸ್ಟರ್ ತೆರೆದಳು. ಕಾರಣ ಎಂಬ ಕಡೆ ಪೆನ್ನು ತಡೆಯಿತು. ಮಧ್ಯಾಹ್ನ ಗೈಡ್ ವಾಗೀಶ ಸರ್ ಬಂದು ಓದುತ್ತಾರೆ. ಮಂಚಮ್ಮನದು ಗುತ್ತಿಗೆ ಕೆಲಸ. ಹೆಸರು ಬರೆದರೆ ನಾಳೆಯಿಂದ ಬರಬೇಡ ಎಂದುಬಿಡುತ್ತಾರೆ. ‘ಸಂಶೋಧಕಿಯ ತಪ್ಪು’ ಎಂದು ಬರೆದು ಸಹಿ ಹಾಕಿದಳು. ಯಾರನ್ನೋ ಉಳಿಸಿದೆನೆಂಬ ಸಮಾಧಾನವೂ ಆಗಲಿಲ್ಲ.

ಮಂಚಮ್ಮ ಇಲಿಗಳನ್ನು ಒಂದೊಂದಾಗಿ ಎತ್ತಿ, ಸೆರಗಿನಲ್ಲಿ ಬೆನ್ನು ಒರೆಸಿ, ಒಯ್ಯುವ ಡಬ್ಬಿಗೆ ಬಿಟ್ಟಳು. ಐದನೆಯದನ್ನು ತುಸು ಹೆಚ್ಚು ಹೊತ್ತು ಒರೆಸಿದಳು.

“ಮೇಡಂ, ಮುಂದ್ಲ ಸಲ ಯಾವ್ದುಕ್ಕೆ ಔಸ್ದಿ ಇಲ್ಲ ಅಂತ ನಂಗೆ ಮಾತ್ರ ಯೋಳ್ಬ್ಯಾಡಿ.”