ಕುಂತಿ ಉಂಡಳೇ?

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಈಗಲೂ ನನಗೆ ಪಾಂಡವಪುರದ ಅಜ್ಜಿಯ ಜಗಲಿ ನೆನಪಾಗುತ್ತದೆ.

ಅಂದು ಅಜ್ಜಿ ಕಾಯಿ ಸುಲಿಯುತ್ತಿದ್ದಳು. ನಾನು ಗ್ರಂಥಾಲಯದಿಂದ ತಂದ ಕಾದಂಬರಿಯನ್ನು ಓದಿ ಹೇಳುತ್ತಿದ್ದೆ. ಅದರಲ್ಲಿ ಬಕಾಸುರ ರಾಕ್ಷಸನೇ ಅಲ್ಲ, ಬಂಡಿಗಟ್ಟಲೆ ಅನ್ನ ಕಸಿಯುವ ಕಳ್ಳರ ನಾಯಕ.

"ಬರೀ ಕಳ್ಳ ಆಗಿದ್ರೆ ಊರೋರೇ ಹೊಡ್ದೋಡಿಸ್ತಿದ್ರು. ಭೀಮ ಯಾಕವ್ವ ಬೇಕಿತ್ತು?" ಎಂದ ಅಜ್ಜಿ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂದು ಊರು ನಂಬುವ ಎದುರಿನ ಕುಂತಿಬೆಟ್ಟವನ್ನೇ ಸಾಕ್ಷಿಯಾಗಿ ತೋರಿಸಿದಳು.

"ಬೆಟ್ಟ ಇದ್ದ ಮಾತ್ರಕ್ಕೆ ಕತೆ ನಿಜ ಆಗ್ಬುಡ್ತದಾ ಅಜ್ಜಿ?"

"ಪುಸ್ತಕ ಇದ್ದ ಮಾತ್ರಕ್ಕೆ ಆಗ್ಬುಡ್ತದಾ?"



ಲಾರಿ ಓಡಿಸುವ ಚಿಕ್ಕಪ್ಪ, ಅಜ್ಜಿಯ ಕಿರಿಮಗ, ಹಿಂದಿನ ದಿನವೇ ಬರಬೇಕಿತ್ತು, ಬಂದಿರಲಿಲ್ಲ. ಅಜ್ಜಿಯ ತಟ್ಟೆಯಲ್ಲಿ ಬೆಳಗಿನ ಮುದ್ದೆ ಹಾಗೇ ಒಣಗುತ್ತಿತ್ತು.

"ಭೀಮನ್ನ ಆ ಬಕಾಸುರನತ್ರ ಕಳಿಸ್ಬುಟ್ಟು ಅವರವ್ವ ಉಂಡ್ಲಾ? ಅದೇನ್ ಬರ್ದವ್ರೆ ನೋಡು."

ಪುಟಗಳನ್ನೆಲ್ಲ ತಿರುವಿದೆ. ಎಲ್ಲೂ ಇರಲಿಲ್ಲ. ಬರೆಯದಿದ್ದುದನ್ನು ಒಪ್ಪದ ನಾನೇ ಅಜ್ಜಿಯ ತಟ್ಟೆಯನ್ನೇ ನೋಡುತ್ತ ಓದಿದೆ: "ಮಗ ಬಂದೇ ಬರುವನೆಂದು ಕುಂತಿ ಹೊಟ್ಟೆ ತುಂಬ ಉಂಡಳು."

ಅಜ್ಜಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ನಂಗೆ ಅಕ್ಸರ ಬರಕಿಲ್ಲ ಕಣವ್ವ. ಆದ್ರೆ ಓದೋರ ಕಣ್ಣು ಪುಸ್ತಕದ ಮ್ಯಾಲಿರ್ತದೆ ಅಂತ ಗೊತ್ತು." ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಒಸಿ ಸಾರು ಬುಡು."