ಅಳತೆಗೆ ಸಾಲದ ಚಪ್ಪಲಿ

ಲಿಫ್ಟಿನಲ್ಲಿ ಊದ್ ಅತ್ತರಿನ ವಾಸನೆ ಬಂದರೆ ನಾನು ಇವತ್ತಿಗೂ ಜೊತೆಗಿದ್ದವರ ಕಣ್ಣು ಎತ್ತ ಹೋಗುತ್ತಿದೆ ಎಂದು ನೋಡುತ್ತೇನೆ.

ಆಗ ನಾವು ದೋಹಾದ ಅಲ್ ಮುಂತಜಾದಲ್ಲಿದ್ದೆವು. ಒಂದು ಮಧ್ಯಾಹ್ನ, ಮೇಲಿನ ಮನೆಯಲ್ಲಿ ಕೆಲಸಕ್ಕಿದ್ದ ಫಿಲಿಪೀನ್ಸಿನ ಗ್ರೇಸ್ ನಮ್ಮ ಬಾಗಿಲು ಬಡಿದಳು. ಅವಳ ಮುಂಗೈ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದಲ್ಲಿ ಸುಟ್ಟಿತ್ತು. ಅಮ್ಮ ಏನೂ ಕೇಳದೆ ಅವಳನ್ನು ಬಾತ್‌ರೂಮಿಗೆ ಕಳಿಸಿದಳು.

ಆಮೇಲೆ ಬೆಲ್ ಆಯಿತು. ಮೇಲಿನ ಮನೆಯ ಅಂಕಲ್, ನಮ್ಮ ಮಂಗಳೂರಿನವರೇ. ಅವರಿಗಿಂತ ಮೊದಲು ಅತ್ತರಿನ ವಾಸನೆ ಒಳಗೆ ಬಂತು.

“ಅಕ್ಕಾ, ನಮ್ಮ ಹುಡುಗಿ ಈಚೆ ಬಂದಳಾ?”

“ಇಲ್ಲವಲ್ಲ. ಎಂತಾಯ್ತು?”

“ಎಂತ ಇಲ್ಲ. ಸ್ವಲ್ಪ ಜೋರು ಮಾಡಿದ್ರೆ ಓಡ್ತಾರೆ. ಇವರನ್ನೆಲ್ಲ ನಂಬ್ಲಿಕ್ಕೆ ಆಗುದಿಲ್ಲ,” ಎಂದು ನಕ್ಕರು. ನಗುತ್ತಲೇ ಕೆಳಗೆ ನೋಡಿದರು.

ನಮ್ಮ ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲವೆಂದು ಗ್ರೇಸ್‌ಗೆ ಗೊತ್ತಿತ್ತು. ಅಷ್ಟು ಹೆದರಿಕೆಯಲ್ಲೂ ತನ್ನ ನೀಲಿ ರಬ್ಬರ್ ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಬಂದಿದ್ದಳು.

“ಇದು ಯಾರದ್ದು?”

“ನನ್ನದೇ,” ಎಂದ ಅಮ್ಮ ಅದರೊಳಗೆ ಕಾಲು ತುರುಕಿದಳು. ಹಿಮ್ಮಡಿ ಹೊರಗೇ ಉಳಿಯಿತು. “ಮೊಸರು ತರ್ಲಿಕ್ಕೆ ಹೊರಟದ್ದು. ಬನ್ನಿ, ಕೆಳಗೆ ಒಟ್ಟಿಗೆ ಹುಡುಕುವ.” ನನ್ನತ್ತ ತಿರುಗಿ, “ಚಿಲಕ ಹಾಕು. ಯಾರು ಬಂದ್ರೂ ತೆಗೀಬೇಡ,” ಎಂದಳು.

ಸಂಜೆ ಅಪ್ಪ ಗ್ರೇಸ್‌ಳನ್ನು ಅವಳ ದೇಶದ ಎಂಬಸಿಗೆ ಬಿಟ್ಟು ಬಂದರು. ಅವಳು ಅಮ್ಮನ ಚಪ್ಪಲಿ ಹಾಕಿಕೊಂಡು ಹೋದಳು.

ನೀಲಿ ಚಪ್ಪಲಿಯಲ್ಲಿ ಅಮ್ಮ ಆ ವರ್ಷವೆಲ್ಲ ಕುಂಟುತ್ತ ಓಡಾಡಿದಳು. ಅಂಕಲ್ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, “ಆರಾಮಾ ಅಕ್ಕಾ?” ಎಂದು ಕೇಳಿ, ಉತ್ತರಕ್ಕೆ ಮೊದಲೇ ಕೆಳಗೆ ನೋಡುತ್ತಿದ್ದರು.